ದೊಡ್ಡವ್ವ ಕಮಲಾಪುರಕ್ಕೆ ಹೋದದ್ದು

ಆಬಕಾರಿ ಖಾತೆಗೆ ಈಗ ಸೇರುತ್ತಿರುವ ಹುಡುಗರು ನನ್ನ ಹತ್ತಿರ ಬಂದರೆ ಒಂದೇ ಮಾತು ಕೇಳುತ್ತಾರೆ: ಕಳ್ಳಭಟ್ಟಿ ಹಿಡಿಯುವುದು ಹೇಗೆ? ಸರಕಾರದ ಭಟ್ಟಿಯನ್ನು ಕಾಯುವುದು ಹೇಗೆ ಎಂದು ಇದುವರೆಗೆ ಒಬ್ಬನೂ ಕೇಳಿಲ್ಲ. ಕಳ್ಳಭಟ್ಟಿ ಹಿಡಿಯುವುದೇನು ದೊಡ್ಡ ವಿದ್ಯೆಯಲ್ಲ, ಮೂಗು ನೆಟ್ಟಗಿದ್ದವರಿಗೆಲ್ಲ ಬರುತ್ತದೆ. ಭಟ್ಟಿಯ ಸಾಮಾನನ್ನು ಒಂದೂರಿಂದ ಇನ್ನೊಂದೂರಿಗೆ ಒಯ್ದು, ಅಲ್ಲಿ ಒಂದು ಮಳೆಗಾಲ ಇಟ್ಟು, ಇದ್ದದ್ದು ಇದ್ದ ಹಾಗೆ ತಿರುಗಿ ತರುವುದಿದೆಯಲ್ಲ, ಅದರಲ್ಲಿ ಮನುಷ್ಯನ ಜೀವ ಹೋಗುತ್ತದೆ. ನನ್ನದು ಅರ್ಧ ಹೋಗಿ ಬಂದಿದೆ. ಅದನ್ನೇ ಬರೆಯುತ್ತೇನೆ. ಬಡ್ತಿ, ಬಹುಮಾನಗಳ ಸುದ್ದಿ ಬೇಕಾದವರು ಅವು ಸಿಕ್ಕವರನ್ನು ಕೇಳಲಿ.

ನಿಜಾಮರ ಆಳ್ವಿಕೆ ನಡೆದಿತ್ತು. ಕಲಬುರಗಿಯಲ್ಲಿ ಮೋಟಾರು ಬಂದರೆ ಜನ ಅಂಗಡಿ ಬಿಟ್ಟು ಬಂದು ನೋಡುತ್ತಿದ್ದ ಕಾಲ. ಸರಾಯಿಯ ಗುತ್ತಿಗೆ ಹಿಡಿದವನನ್ನು ಗುತ್ತೇದಾರ ಎನ್ನುತ್ತಿದ್ದರು. ಇಪ್ಪೆ ಹೂವು ಅವನದು, ಕಟ್ಟಿಗೆ ಅವನದು, ಲಾಭವೂ ಅವನದು. ಹಂಡೆ ಮತ್ತು ಬೀಗದ ಕೈ ಮಾತ್ರ ಸರಕಾರದವು. ಆ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಭಟ್ಟಿಯಲ್ಲಿ ಕೂಡುವ ಹಂಗಾಮಿ ಕಾರಕೂನ ನಾನು.

ನಮ್ಮ ಮನೆ ಬ್ರಹ್ಮಪುರದಲ್ಲಿ. ಲಿಂಗಪೂಜೆ ಆಗದೆ ನೀರು ಮುಟ್ಟದ ಮನೆತನ. ಆ ಮನೆತನದಲ್ಲಿ ಹುಟ್ಟಿ, ನಾಲ್ಕಕ್ಷರ ಉರ್ದು ಕಲಿತದ್ದಕ್ಕೆ ನನಗೆ ದೊರೆತ ಫಲವೆಂದರೆ ಸರಾಯಿ ಭಟ್ಟಿ. ಸಂಜೆ ಮನೆಗೆ ಬಂದರೆ ಮುಂಬಾಗಿಲಿನ ಪ್ರವೇಶವಿಲ್ಲ. ಹಿತ್ತಲಿಗೆ ಹೋಗಬೇಕು, ಅವ್ವ ಎರಡು ಕೊಡ ನೀರು ತಲೆಯ ಮೇಲೆ ಸುರಿಯಬೇಕು, ಅಂಗಿ ಅಲ್ಲೇ ಬಿಡಬೇಕು, ಆಮೇಲೆ ನಾನು ಆಕೆಯ ಮಗ. ಗುಡಿಯಲ್ಲಿ ಯಾರಾದರೂ "ನಿಮ್ಮ ಶರಣಪ್ಪ ಏನ್ ಮಾಡ್ತಾನ್ರಿ?" ಎಂದು ಕೇಳಿದರೆ, "ತಾಮ್ರದ ಕೆಲಸದಾಗ ಇದ್ದಾನ್ರಿ" ಅನ್ನುತ್ತಿದ್ದಳು. ಸುಳ್ಳಲ್ಲ. ಆದರೆ ಹೆಣ್ಣು ಕೊಡಲು ಬಂದ ಒಬ್ಬರು, ಬೀಗರದು ಭಾಂಡೆಯ ಅಂಗಡಿ ಇದೆಯೆಂದು ತಿಳಿದು, ಮದುವೆಯ ಕೊಡ ತಂಬಿಗೆಗಳನ್ನೆಲ್ಲ ನಮ್ಮಲ್ಲೇ ತೆಗೆದುಕೊಳ್ಳುವುದಾಗಿ ಹೇಳಿದರು. ಆ ಸಂಬಂಧ ಅಲ್ಲಿಗೇ ಮುಗಿಯಿತು.

ಭಟ್ಟಿ ಊರ ಹೊರಗೆ, ಸ್ಟೇಷನ್ನಿನ ಕಡೆ ಇತ್ತು. ಅದರ ನಡುವೆ ಆಳೆತ್ತರದ ತಾಮ್ರದ ಹಂಡೆ. ನೆನೆದ ಇಪ್ಪೆ ಹೂವನ್ನು ಅದರಲ್ಲಿ ಕುದಿಸಿದರೆ ಉಗಿ ಮೇಲಿನ ಮುಚ್ಚಳದ ಸೊಂಡಿಲಿನಿಂದ ಹೊರಟು, ತಣ್ಣೀರಿನ ಹೊಂಡದಲ್ಲಿ ಮುಳುಗಿಸಿಟ್ಟ ಸುರುಳಿ ಕೊಳವೆಯಲ್ಲಿ ಸುತ್ತಿ ಸುತ್ತಿ ಇಳಿದು, ಕೊನೆಗೆ ಹನಿ ಹನಿಯಾಗಿ ಪೀಪಾಯಿಗೆ ಬೀಳುತ್ತಿತ್ತು. ಇದನ್ನೆಲ್ಲ ನಡೆಸುವವನು ಮಿಸ್ತ್ರಿ ಯಲ್ಲಯ್ಯ. ತಾಂಡೂರು ಕಡೆಯವನು, ಸರಾಯಿ ಕಾಸುವ ಕಲಾಲರವನು, ಮಹಾ ಭಾವುಕ. ಹಂಡೆಗೆ ದೊಡ್ಡವ್ವ ಎಂದು ಹೆಸರಿಟ್ಟವನು ಅವನೇ. ದಿನಾ ಒಲೆ ಹೊತ್ತಿಸುವ ಮೊದಲು ಹಂಡೆಗೆ ಕುಂಕುಮ ಹಚ್ಚಿ ಕೈ ಮುಗಿಯುತ್ತಿದ್ದ. ಕೆಲಸಗಾರರಿಗೆಲ್ಲ ಅದು ದೊಡ್ಡವ್ವನೇ. "ದೊಡ್ಡವ್ವ ಇವತ್ತ ಸಿಟ್ಟಿಗೆದ್ದಾಳ" ಅಂದರೆ ಒಲೆಯ ಉರಿ ಹೆಚ್ಚಾಗಿದೆ ಎಂದು ನಾನು ತಿಳಿದುಕೊಳ್ಳಬೇಕು.

ನಮ್ಮ ಮೇಲಿನವರು ಮೊಹತಮೀಮ್ ಸಾಹೇಬರು, ಜಿಲ್ಲೆಯ ಆಬಕಾರಿಗೆಲ್ಲ ದೊಡ್ಡ ಅಧಿಕಾರಿ. ಐದು ಹೊತ್ತಿನ ನಮಾಜಿನವರು. ಜನ್ಮದಲ್ಲಿ ಶರಾಬನ್ನು ಮುಟ್ಟಿದವರಲ್ಲ, ಮೂಸಿದವರೂ ಅಲ್ಲ. ಭಟ್ಟಿಯ ತಪಾಸಣೆಗೆ ಬಂದರೆ ಅತ್ತರು ಹಾಕಿದ ಕರವಸ್ತ್ರ ಮೂಗಿಗೆ ಹಿಡಿದೇ ಗೇಟು ದಾಟುತ್ತಿದ್ದರು, ಹೊರಗೆ ಹೋಗುವ ತನಕ ಅದು ಇಳಿಯುತ್ತಿರಲಿಲ್ಲ. ಹೀಗಾಗಿ ಅವರ ತಪಾಸಣೆಯೆಲ್ಲ ಕೇಳಿ ತಿಳಿಯುವ ತಪಾಸಣೆ. "ಪೀಪಾಯಿ ಭರ್ತಿ ಇದೆಯಾ?" "ಇದೆ ಹುಜೂರ್." "ಸೋರುತ್ತದಾ?" "ಇಲ್ಲ ಹುಜೂರ್." ಆಯಿತು. ತಮ್ಮ ಇಲಾಖೆಯನ್ನು ಪೂರ್ತಿ ನನ್ನ ಕಣ್ಣಿಗೆ ಒಪ್ಪಿಸಿಬಿಟ್ಟಿದ್ದರು. ನಾನೂ ಅದಕ್ಕೆ ತಕ್ಕ ಹಾಗೆ ಕಂಡದ್ದನ್ನು ಕಂಡ ಹಾಗೆ ಹೇಳುತ್ತಿದ್ದೆ. ಮುಂದೆ ನಡೆದದ್ದನ್ನು ಓದುವಾಗ ಇದು ನೆನಪಿನಲ್ಲಿರಲಿ.

ಒಂದು ಬೇಸಿಗೆಯಲ್ಲಿ ಭಟ್ಟಿಯನ್ನು ದೊಡ್ಡದು ಮಾಡಬೇಕೆಂದು ಹುಕುಂ ಬಂತು. ಹಳೆಯ ಗೋಡೆ ಕೆಡವಬೇಕು, ಹೊಸ ಒಲೆ ಕಟ್ಟಬೇಕು, ಸುಣ್ಣ ಕಲ್ಲು ಗೌಂಡಿಗಳ ಗದ್ದಲ. ಅಲ್ಲಿಯವರೆಗೆ ಸಾಮಾನು ಎಲ್ಲಿಡುವುದು? ಕಲಬುರಗಿಯೊಳಗೆ ಒಂದು ಖಾಲಿ ಹಂಡೆ ಕಣ್ಣಿಗೆ ಬಿದ್ದರೆ ಅದು ಖಾಲಿ ಉಳಿಯುವುದಿಲ್ಲ ಎಂಬುದು ಖಾತೆಯ ಅನುಭವ. ಗುತ್ತೇದಾರ ತನಗೆ ಗುರ್ತಿನ ಕಮಲಾಪುರದ ಗೌಡರ ವಾಡೆಯಲ್ಲಿ ಗಟ್ಟಿ ಬಾಗಿಲಿನ ಕೊಟ್ಟಿಗೆಯೊಂದು ಬರಿದಿದೆ ಎಂದ. ಅದೇ ನಿಶ್ಚಯವಾಯಿತು.

ಹೈದರಾಬಾದಿನಿಂದ ಬಂದ ಇಂಜಿನಿಯರು ಹೋಗುವಾಗ ಮೂರು ಮಾತು ಹೇಳಿ ಹೋದ. ತಾಮ್ರದ್ದು ಒಣಗಿರಬೇಕು, ಕಟ್ಟಿಗೆಯದು ಹಸಿಯಾಗಿರಬೇಕು, ಕೊಳವೆ ಸೊಟ್ಟಾಗಬಾರದು. ಹುಡುಗರು ಇದನ್ನು ಬರೆದಿಟ್ಟುಕೊಳ್ಳಬೇಕು, ಇಂದಿಗೂ ಇದಕ್ಕಿಂತ ಹೆಚ್ಚಿನದು ಏನೂ ಇಲ್ಲ. ಕಟ್ಟಿಗೆಯ ಪೀಪಾಯಿ ಒಣಗಿದರೆ ಹಲಗೆ ಬಿಚ್ಚಿಕೊಳ್ಳುತ್ತದೆ. ತಾಮ್ರ ಹಸಿಯಾದರೆ ಕಿಲುಬು ಹಿಡಿಯುತ್ತದೆ.

ಸಾಹೇಬರು ನನ್ನನ್ನು ಕರೆಸಿ ನಾಲ್ಕನೆಯ ಮಾತು ಹೇಳಿದರು. "ಶರಣಪ್ಪಾ, ಹಂಡೆ ಅಲ್ಲಿ ಇಳಿದ ಮೇಲೆ ನಾನೇ ಬಂದು ಅದರ ಬಾಯಿಗೆ ಅರಗಿನ ಮುದ್ರೆ ಹಾಕುತ್ತೇನೆ. ಮುದ್ರೆ ಒಡೆದರೆ ನಿನ್ನ ನೌಕರಿ ಹೋಯಿತು. ಮುದ್ರೆ ಇದ್ದೂ ಒಳಗೆ ಶರಾಬು ಸಿಕ್ಕರೆ ನೌಕರಿಯ ಜೊತೆ ನೀನೂ ಜೇಲಿಗೆ ಹೋದೆ." ಕರವಸ್ತ್ರದೊಳಗಿಂದ ಬಂದ ಮಾತಾದರೂ ಸ್ಪಷ್ಟವಾಗಿಯೇ ಕೇಳಿಸಿತು. ಮನೆಯಲ್ಲಿ ದುಡಿಯುವವನು ನಾನೊಬ್ಬನೇ.

ಸುರುಳಿ ಕೊಳವೆ ಬಂಡಿಯ ಕುಲುಕಾಟಕ್ಕೆ ನೆಗ್ಗಬಾರದೆಂದು ಯಲ್ಲಯ್ಯ ಅದರೊಳಗೆ ಉಸುಕು ತುಂಬಿಸಿದ. ಬುದ್ಧಿವಂತಿಕೆಯ ಕೆಲಸವೆಂದು ನಾನೂ ಹೊಗಳಿದೆ. ಉಸುಕಿನ ಭಾರಕ್ಕೆ ಬಂಡಿಯ ಅಚ್ಚು ಭಟ್ಟಿಯ ಗೇಟಿನಲ್ಲೇ ಮುರಿಯಿತು. ಆಮೇಲೆ ಅರ್ಧ ದಿನ ಎಲ್ಲರೂ ಸೇರಿ ಕೊಳವೆಯನ್ನು ತೊಟ್ಟಿಲು ತೂಗಿದ ಹಾಗೆ ತೂಗಿ ಉಸುಕು ತೆಗೆದು, ಹೊಟ್ಟು ತುಂಬಿದೆವು. ಹೊಟ್ಟು ಸಾಕಿತ್ತು. ಇದನ್ನೂ ಬರೆದಿಟ್ಟುಕೊಳ್ಳಿ.

ಹಂಡೆಯನ್ನು ತೊಳೆದು, ಬಿಸಿಲಿಗೆ ಒಣಗಿಸಿ, ಜೋಳದ ಕಣಿಕೆಯ ಮೆತ್ತೆ ಹಾಸಿ ಬಂಡಿಗೆ ಏರಿಸಿದೆವು. ಹೊರಡಬೇಕು ಅನ್ನುವಷ್ಟರಲ್ಲಿ ಯಲ್ಲಯ್ಯನ ಹೆಂಡತಿ ಕೆಲಸಗಾರರ ಮನೆಯ ಹೆಂಗಸರನ್ನು ಕಟ್ಟಿಕೊಂಡು ಮೊರ ಹಿಡಿದು ಬಂದಳು.

"ಏನಿದು?" ಎಂದೆ.

"ದೊಡ್ಡವ್ವ ಊರು ಬಿಟ್ಟು ಹೊಂಟಾಳ್ರಿ ಕಾರಕೂನ್ ಸಾಬ್ರ. ಬರೀ ಉಡೀಲೆ ಹ್ಯಾಂಗ ಕಳಿಸಬೇಕು?"

ಹೌದಲ್ಲ ಅನ್ನಿಸಿತು. ನಮ್ಮ ಕಡೆ ಹೆಣ್ಣುಮಗಳು ಮನೆ ಬಿಟ್ಟು ಹೊರಟರೆ ಸೆರಗಿನಲ್ಲಿ ಗೋಧಿ, ಬೆಲ್ಲ, ಕೊಬ್ಬರಿ ಬಟ್ಟಲು, ಹಣ್ಣು ಹಾಕಿ ಉಡಿ ತುಂಬದೆ ಯಾರು ಕಳಿಸುತ್ತಾರೆ? ದೊಡ್ಡವ್ವನಿಗೆ ಸೆರಗು ಇರಲಿಲ್ಲ, ಬಾಯಿ ಇತ್ತು. ಒಬ್ಬೊಬ್ಬರಾಗಿ ಬಾಯಿಯೊಳಗೆ ಹಾಕಿ, ಕುಂಕುಮ ಹಚ್ಚಿದರು. ಯಲ್ಲಯ್ಯ ಕಣ್ಣೊರೆಸಿಕೊಂಡ. ನಾನೂ ಅಂಗಿಯ ತೋಳನ್ನು ಕಣ್ಣಿನ ತನಕ ಒಯ್ದೆ. ಸರಕಾರಿ ನೌಕರನೆಂಬುದು ನೆನಪಾಗಿ ಕೆಮ್ಮಿದೆ.

ಊರ ಹೊರಗಿನ ಸುಂಕದ ನಾಕೆಯಲ್ಲಿ ಜವಾನ ಬಂಡಿ ತಡೆದ. ಒಳಗೆ ಕಳ್ಳ ಸಾಮಾನು ಇದೆಯೋ ನೋಡಬೇಕಂತೆ. ಹಂಡೆಯೊಳಗೆ ತಲೆ ಹಾಕಿದವನು ಬಹಳ ಹೊತ್ತು ತಲೆ ಹೊರಗೆ ತೆಗೆಯಲೇ ಇಲ್ಲ. ವರ್ಷಾನುವರ್ಷ ಇಪ್ಪೆ ಕುದಿಸಿದ ಹಂಡೆ, ಎಷ್ಟು ತೊಳೆದರೂ ವಾಸನೆ ಹೋಗುವುದೇ? ಕೊನೆಗೆ ಹೊರಬಂದಾಗ ಅವನ ಕಣ್ಣು ತೇಲುತ್ತಿತ್ತು, ಕೈಯಲ್ಲಿ ಉಡಿಯ ಕೊಬ್ಬರಿ ಬಟ್ಟಲಿತ್ತು. ಅದನ್ನು ಕಡಿಯುತ್ತ, "ಏನೂ ಇಲ್ಲ, ಖಾಲಿ ಅದ, ಹೋಗ್ರಿ" ಎಂದ. ಅವನಾಗಲಿ ನಾನಾಗಲಿ ಅದರಲ್ಲಿ ಹುಳುಕೇನೂ ಕಾಣಲಿಲ್ಲ. ಉಡಿಯ ಸಾಮಾನನ್ನು ಸಾಮಾನೆಂದು ಎಣಿಸುವವರು ನಮ್ಮ ಜಿಲ್ಲೆಯಲ್ಲಿ ಹುಟ್ಟಿಲ್ಲ.

ಮಹಾಗಾಂವದಲ್ಲಿ ಎತ್ತಿಗೆ ನೀರು ಕುಡಿಸಿ, ಒಂದು ರಾತ್ರಿ ಕಳೆದು, ಮರುದಿನ ಕಮಲಾಪುರ ಮುಟ್ಟಿದೆವು. ಗೌಡರು ಹೊಲದಲ್ಲಿದ್ದರು; ಅವರು ಯಾವಾಗಲೂ ಹೊಲದಲ್ಲೇ. ವಾಡೆಯ ಯಜಮಾನಿಕೆಯೆಲ್ಲ ಅವರ ಹೆಂಡತಿ, ಗೌಡಶಾನಿ ಬಸಮ್ಮನದು. ಹಣೆಯ ಮೇಲೆ ಬೆರಳಗಲ ವಿಭೂತಿ, ಅದರ ಕೆಳಗೆ ಕಾಸಿನಗಲ ಕುಂಕುಮ, ದನಿ ಊರಿಗೆಲ್ಲ ಕೇಳುವಂಥದು. ವಾಡೆಗೆ ಬರುವುದು "ಸರಕಾರದ ತಾಮ್ರ" ಎಂದು ಗೌಡರು ಆಕೆಗೆ ಹೇಳಿದ್ದರು. ನಮ್ಮವ್ವನ ಬಾಯಿಂದಲೇ ಕಲಿತ ಹಾಗಿತ್ತು.

ಬಸಮ್ಮ ಬಂಡಿಯ ಹತ್ತಿರ ಬಂದು ಮೂಗರಳಿಸಿದಳು. ಮುಖ ಕೆಂಪಾಯಿತು.

"ಇದು ಶೆರೆ ಕಾಸೂ ಹಂಡೆ. ನಮ್ಮ ವಾಡೇದಾಗ ಲಿಂಗ ಅದ, ಜಂಗಮರು ಬರ್ತಾರ. ತಿರುಗಿಸ್ಕೊಂಡು ಹೋಗ್ರಿ."

ತಿರುಗಿ ಒಯ್ಯಲು ಕಲಬುರಗಿಯಲ್ಲಿ ಗೋಡೆಯೇ ಉಳಿದಿರಲಿಲ್ಲ. ಅಷ್ಟರಲ್ಲಿ ಆಕೆಯ ಕಣ್ಣು ಹಂಡೆಯ ಕುಂಕುಮದ ಮೇಲೆ ಬಿತ್ತು. ಬಾಯಿಯೊಳಗೆ ಇಣುಕಿದಳು. ಗೋಧಿ, ಬೆಲ್ಲ, ಹಣ್ಣು ಕಂಡವು.

"ಉಡಿ ಯಾರು ತುಂಬ್ಯಾರ?"

"ನನ್ ಹೇಣ್ತಿರಿ ಅವ್ವಾರ" ಎಂದ ಯಲ್ಲಯ್ಯ.

ಬಸಮ್ಮನ ಬಿಗಿದ ಮುಖ ಸಡಿಲಾಯಿತು. ಗಂಡಸರ ಮೇಲಿನ ಸಿಟ್ಟು ಹಾಗೇ ಇತ್ತು, ಹಂಡೆಯ ಮೇಲಿನದು ಮಾತ್ರ ಇಳಿಯಿತು. "ಉಡಿ ತುಂಬಿಸ್ಕೊಂಡು ಬಾಗಿಲಿಗೆ ಬಂದಾಕಿನ್ನ ಹೊರಗ ನಿಂದರಿಸಿದ್ರ ನನಗ ಒಳ್ಳೇದಾಗ್ತದೇನು? ಆಕಿ ಏನ್ ಮಾಡ್ಯಾಳ, ಮಾಡ್ಸೋರು ನೀವು. ಇಳಸ್ರಿ."

ಹೀಗೆ ದೊಡ್ಡವ್ವ ವಾಡೆ ಹೊಕ್ಕಳು. ಹೊಕ್ಕ ಮೇಲೆ ಮರ್ಯಾದೆ ಆಗಬೇಕಲ್ಲ. ಬಸಮ್ಮ ಓಣಿಯ ಐದು ಮಂದಿ ಮುತ್ತೈದೆಯರನ್ನು ಕರೆಸಿದಳು. ಒಬ್ಬೊಬ್ಬರೂ ಬಾವಿಯಿಂದ ಒಂದೊಂದು ಕೊಡ ನೀರು ತಂದು ಹಂಡೆಯೊಳಗೆ ಸುರಿದರು. "ತಾಮ್ರ ಒಣಗಿರಬೇಕಂತ ಇಂಜಿನಿಯರು..." ಎಂದು ಶುರು ಮಾಡಿದೆ. "ಗಂಗವ್ವನ್ನ ಕಾಣದ ಭಾಂಡೆ ಈ ವಾಡೇದಾಗ ಇರಂಗಿಲ್ಲ ತಮ್ಮಾ" ಎಂದಳು. ಎರಡು ಕೊಡ ನೀರಿಲ್ಲದೆ ಮನೆ ಹೊಗದ ನಾನು ಈ ಮಾತಿಗೆ ಏನು ಎದುರಾಡಲಿ? ನೀರಿನ ಹಿಂದೆ ಒಂದು ಇಡೀ ಬೆಲ್ಲದ ಪೆಂಟಿ, ಅದರ ಹಿಂದೆ ಕಮಲಾಪುರದ ಕೆಂಪು ಬಾಳೆಹಣ್ಣಿನ ಒಂದು ಗೊನೆ. ಆ ಹಣ್ಣು ತಿಂದವರಿಗೆ ಅದರ ಸಿಹಿ ಎಂಥದೆಂದು ಗೊತ್ತು. ದೊಡ್ಡವ್ವನಿಗೆ ಏನೂ ಕಡಿಮೆ ಮಾಡಬಾರದೆಂದು ಒಳ್ಳೊಳ್ಳೆಯ ಹಣ್ಣನ್ನೇ ಆರಿಸಿದ್ದಳು.

ಮರುದಿನ ಸಾಹೇಬರು ಟಾಂಗಾದಲ್ಲಿ ಬಂದರು. ಕರವಸ್ತ್ರ ಮೂಗಿನ ಮೇಲೆ. ಕೊಟ್ಟಿಗೆಯ ಹೊಸ್ತಿಲಲ್ಲೇ ನಿಂತು ಕೇಳಿದರು.

"ಶರಣಪ್ಪಾ, ಅಂದರ್ ಖಾಲೀ ಹೈ?"

ನಾನು ಏಣಿ ಹತ್ತಿ ಒಳಗೆ ನೋಡಿದೆ. ಇಪ್ಪೆ ಇರಲಿಲ್ಲ. ಶರಾಬಿರಲಿಲ್ಲ. ಉಡಿ ಇತ್ತು, ಗಂಗೆ ಇತ್ತು.

"ಖಾಲೀ ಹೈ ಹುಜೂರ್."

ಇವತ್ತಿಗೂ ಇದೇ ಮಾತು ಹೇಳುತ್ತೇನೆ. ಖಾಲಿಯೇ ಇತ್ತು. ಬೇಕಾದರೆ ನಮ್ಮ ಕಡೆಯ ಯಾವ ಹೆಣ್ಣುಮಗಳನ್ನಾದರೂ ಕೇಳಿ ನೋಡಿ.

ಯಲ್ಲಯ್ಯ ಮುಚ್ಚಳ ಹಾಕಿ, ಮೇಲಿನ ಬಾಯಿಗೆ, ಸೊಂಡಿಲಿನ ಬಾಯಿಗೆ, ಕೆಳಗಿನ ನಳಕ್ಕೆ ಬಟ್ಟೆ ಬಿಗಿದು, ಅರಗು ಕರಗಿಸಿ ಹಾಕಿದ; ಸಾಹೇಬರು ಒಂದು ಕೈಯಲ್ಲಿ ಕರವಸ್ತ್ರ ಹಿಡಿದೇ ಬಂದು ತಮ್ಮ ಉಂಗುರದ ಮುದ್ರೆ ಒತ್ತಿ ಹೊಸ್ತಿಲಿಗೆ ಮರಳಿದರು. ಊರಿನ ಇಬ್ಬರು ಪಂಚರು ಸಾಕ್ಷಿ ಹಾಕಿದರು.

ಸಾಮಾನು ಇಡುವ ಕೆಲಸದಲ್ಲಿ ಇಡುವುದು ಒಂದು ದಿನದ್ದು, ಕಾಯುವುದು ಉಳಿದ ದಿನಗಳದ್ದು; ಅದಕ್ಕೆಂದೇ ನಾನು ವಾಡೆಯ ಪಡಸಾಲೆಯಲ್ಲಿ ಉಳಿದೆ. ಗೆದ್ದಲು ಹತ್ತದಂತೆ ಪೀಪಾಯಿಗಳನ್ನು ಕಲ್ಲಿನ ಮೇಲೆ ನಿಲ್ಲಿಸಿ, ಹಲಗೆ ಒಣಗದಂತೆ ನೀರು ತುಂಬಿಸಿದೆ. ಬಸಮ್ಮನ ಎಮ್ಮೆಗಳು ಅವನ್ನು ತಮಗೆ ಮಾಡಿಸಿದ ಬಾನಿಗಳೆಂದು ತಿಳಿದು ಕುಡಿದು ಖಾಲಿ ಮಾಡುತ್ತಿದ್ದವು. ಸುರುಳಿಯೊಳಗಿನ ಹೊಟ್ಟಿಗೆ ಇಲಿ ಹೊಕ್ಕವು. ಹೊಕ್ಕ ಇಲಿಗೆ ಸುತ್ತಿ ಸುತ್ತಿ ತಿರುಗಿ ಬರುವ ದಾರಿ ತಿಳಿಯದೆ ಕೊಳವೆಯೆಲ್ಲ ಕಿಚಕಿಚ. ಇವೆಲ್ಲ ಸಣ್ಣ ಸಂಕಟಗಳು.

ದೊಡ್ಡದು ಶುರುವಾದದ್ದು ಕೆಲವು ದಿನಗಳ ಮೇಲೆ. ಬಸಮ್ಮ ನನ್ನನ್ನು ಪಕ್ಕಕ್ಕೆ ಕರೆದಳು. ಆಕೆಯ ದನಿ ತಗ್ಗಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ತಮ್ಮಾ, ನಿಮ್ಮ ದೊಡ್ಡವ್ವನ ಹೊಟ್ಟಿ ಗುಡುಗುಡು ಅನ್ನಾಕತ್ತದ."

ಹೋಗಿ ಕಿವಿ ಇಟ್ಟೆ. ಒಳಗೆ ಗುಳುಗುಳು. ಸೊಂಡಿಲಿನ ಬಾಯಿಯ ಅರಗಿನ ಬಳಿ ಸಣ್ಣಗೆ ಸುಯ್ ಎಂಬ ಸದ್ದು. ಅಲ್ಲೇ ಕುಳಿತು ಲೆಕ್ಕ ಹಾಕಿದೆ. ನೀರು, ಬೆಲ್ಲ, ಬಾಳೆಹಣ್ಣು, ಗೋಧಿ, ಮೇಲೆ ಬಿಸಿಲಿಗೆ ಕಾದ ಕೊಟ್ಟಿಗೆ, ಕೆಳಗೆ ವರ್ಷಾನುವರ್ಷ ಹುಳಿ ಕುಡಿದ ಹಂಡೆ. ಇನ್ನೇನು ಬೇಕು? ಸರಕಾರದ ಹಂಡೆಯಲ್ಲಿ, ಸರಕಾರದ ಮುದ್ರೆಯ ಕೆಳಗೆ, ಸರಕಾರದ ಕಾರಕೂನನ ಕಾವಲಿನಲ್ಲಿ ಕಳ್ಳ ಶರಾಬು ತಯಾರಾಗುತ್ತಿತ್ತು.

ಕಲಬುರಗಿಯಿಂದ ಯಲ್ಲಯ್ಯನನ್ನು ಕರೆಸಿದೆ. ಅವನು ಹಂಡೆಯ ಹೊಟ್ಟೆಗೆ ಕಿವಿ ಹಚ್ಚಿ ಕಣ್ಣು ಮುಚ್ಚಿದ. ಮುಖ ಅರಳಿತು.

"ಎಷ್ಟು ಚಂದ ಹುದುಗಾಕತ್ತದ್ರಿ ಕಾರಕೂನ್ ಸಾಬ್ರ. ನಾ ಮಾಡಿದ್ರೂ ಇಷ್ಟು ಚಂದ ಆಗ್ತಿದ್ದಿಲ್ಲ."

"ಯಲ್ಲಯ್ಯಾ, ನಾ ಜೇಲಿಗೆ ಹೋಗ್ತೀನೋ."

"ಅದೂ ಖರೇನೇ ರೀ" ಎಂದ, ಕಿವಿ ತೆಗೆಯದೆ.

ಮುದ್ರೆ ಒಡೆದು ಚೆಲ್ಲಿದರೆ ನೌಕರಿ ಹೋಗುತ್ತದೆ. ಒಡೆಯದಿದ್ದರೆ ಜೇಲು. ಸಾಹೇಬರಿಗೆ ತಿಳಿಸೋಣವೆಂದರೆ ಖಾಲಿ ಎಂದು ಹೇಳಿದವನೂ ನಾನೇ. ಆ ದಿನಗಳಲ್ಲಿ ನಾನು ತಿಂದ ಅನ್ನ ಮೈಗೆ ಹತ್ತಲಿಲ್ಲ. ಓಣಿಯ ಹೆಂಗಸರಿಗೆ ಮಾತ್ರ ಬೇರೆಯೇ ಸಂಭ್ರಮ. ಉಡಿ ತುಂಬಿದ ಮೇಲೆ ಹೊಟ್ಟೆ ಮಿಸುಕಿದರೆ ಅದರ ಅರ್ಥ ಅವರಿಗೆ ಗೊತ್ತು. ಸಂಜೆಗೆ ನಾಲ್ಕು ಮಂದಿ ಬಂದು ಹಂಡೆಯ ಮುಂದೆ ಕೂತು ಬಸುರಿಯ ಬಯಕೆಯ ಹಾಡು ಹೇಳುತ್ತಿದ್ದರು. "ಯಾವ ತಿಂಗಳೋ ಏನೋ, ಪಾಪ, ಹೇಳಾಕ ಬಾಯಿ ಇಲ್ಲ" ಎಂದು ಒಬ್ಬಳು ಮರುಗಿದಳು. ಬಾಯಿಗೆ ಮುದ್ರೆ ಹಾಕಿಸಿದವನೆಂದು ನನ್ನ ಕಡೆ ಕೆಟ್ಟ ಕಣ್ಣಿನಿಂದ ನೋಡಿದಳು.

ಮಳೆ ಹಿಡಿಯಿತು. ಗುಳುಗುಳು ಕಡಿಮೆಯಾಗುತ್ತ ನಿಂತೇ ಹೋಯಿತು. ನಿಂತದ್ದರಿಂದ ನನಗೆ ಸಮಾಧಾನವಾಗಲಿಲ್ಲ. ಅಡಿಗೆ ಮುಗಿಯಿತೆಂದಷ್ಟೇ ಅದರ ಅರ್ಥ. ಯಲ್ಲಯ್ಯ ಒಮ್ಮೆ ಬಂದು ಸೊಂಡಿಲಿನ ಬಾಯಿ ಮೂಸಿ, ಸತ್ತ ಮನೆಗೆ ಹೋಗಿ ಬಂದವನ ಹಾಗೆ ಮುಖ ಮಾಡಿಕೊಂಡು, ಬಂದ ದಾರಿಯಲ್ಲೇ ತಿರುಗಿ ಹೋದ. ಯಾಕೆಂದು ಕೇಳಲು ನನಗೂ ಧೈರ್ಯವಾಗಲಿಲ್ಲ.

ಭಟ್ಟಿಯ ಕಟ್ಟಡ ಮುಗಿದ ಸುದ್ದಿ ಬಂತು. ಸಾಹೇಬರು ಮುದ್ರೆ ತೆಗೆಯಲು ಬರುತ್ತಾರೆ. ಎರಡು ದಿನದ ಮಟ್ಟಿಗೆ ಕಲಬುರಗಿಗೆ ಬಂದಿದ್ದ ನಾನು ಮನೆಯಿಂದ ಹೊರಡುವ ಮುಂದೆ ಅವ್ವನ ಕಾಲಿಗೆ ಬಿದ್ದೆ. "ಇವತ್ತೇನು ವಿಶೇಷ?" ಎಂದಳು. "ತಾಮ್ರ ತರಾಕ ಹೊಂಟೀನಿ" ಎಂದೆ.

ಕೊಟ್ಟಿಗೆಯಲ್ಲಿ ಎಲ್ಲರೂ ಸೇರಿದರು. ಪಂಚರು ಮುದ್ರೆ ನೋಡಿ ಸರಿಯಾಗಿದೆ ಎಂದರು. ಸಾಹೇಬರು ಹೊಸ್ತಿಲಲ್ಲಿ, ಕರವಸ್ತ್ರ ಮೂಗಿನ ಮೇಲೆ. ಯಲ್ಲಯ್ಯ ಅರಗು ಕೆತ್ತಿ, ಬಟ್ಟೆ ಬಿಚ್ಚಿ, ಮುಚ್ಚಳ ಎತ್ತಿದ.

ವಾಸನೆ ಕೊಟ್ಟಿಗೆ ತುಂಬಿ, ಅಂಗಳ ತುಂಬಿ, ಓಣಿಗೆ ನಡೆಯಿತು. ಪಂಚರಲ್ಲಿ ಹಿರಿಯವನು ಕೆಮ್ಮುತ್ತ ಹಿಂದೆ ಸರಿದ. ಸಾಹೇಬರ ಹುಬ್ಬು ಗಂಟಿಕ್ಕಿತು.

"ಶರಣಪ್ಪಾ. ಒಳಗೆ ಏನಿದೆ?"

"ಉಡಿ ಇದೆ ಹುಜೂರ್."

"ಖಾಲಿ ಅಂದಿದ್ದೆಯಲ್ಲ?"

"ಖಾಲಿನೇ ಇತ್ತು ಹುಜೂರ್. ಉಡಿ ಇತ್ತು."

ಸಾಹೇಬರು ಪಂಚರ ಕಡೆ ನೋಡಿದರು. ಇಬ್ಬರೂ ತಲೆ ಅಲ್ಲಾಡಿಸಿದರು. "ಖರೇ ಅದ ಹುಜೂರ್. ಉಡಿ ಇದ್ರ ಖಾಲಿನೇ ಅಂತೀವಿ ನಾವು." ಅವರು ನನಗೆ ಸಹಾಯ ಮಾಡುತ್ತಿದ್ದಾರೋ ಇನ್ನಷ್ಟು ಆಳಕ್ಕೆ ದೂಡುತ್ತಿದ್ದಾರೋ ತಿಳಿಯಲಿಲ್ಲ. ಜೇಲಿನ ಬಾಗಿಲು ಕಣ್ಣ ಮುಂದೆ ತೆರೆದು ನಿಂತಿತ್ತು. ಕೈ ಜೋಡಿಸಿ ನಿಂತೆ.

ಆಗ ಸಾಹೇಬರು ಒಂದು ಹೆಜ್ಜೆ ಒಳಗಿಟ್ಟರು. ಕರವಸ್ತ್ರವನ್ನು ಒಂದಿಷ್ಟು ಸರಿಸಿದರು. ಮೂಗು ಆಡಿತು. ಇನ್ನೊಂದು ಹೆಜ್ಜೆ. ನನ್ನ ನೌಕರಿಯಲ್ಲೇ ಮೊದಲ ಸಲ ಅವರು ಆ ಕರವಸ್ತ್ರವನ್ನು ಪೂರ್ತಿ ಇಳಿಸಿ, ಏಣಿ ಹತ್ತಿ, ಹಂಡೆಯ ಬಾಯಿಗೆ ಮುಖ ಕೊಟ್ಟು ಉಸಿರೆಳೆದರು. ಅವರಿಗೆ ಗಡ್ಡ ಇತ್ತೆಂದು ಗೊತ್ತಿತ್ತು, ಮೀಸೆ ಅಷ್ಟು ತೆಳ್ಳಗಿತ್ತೆಂದು ಅಂದೇ ತಿಳಿದದ್ದು.

"ಇದು ಶರಾಬಲ್ಲ" ಎಂದರು. "ಇದು ಸಿರ್ಕಾ, ಹುಳಿಯ ನೀರು. ನಮ್ಮ ಮನೆಯಲ್ಲಿ ಉಪ್ಪಿನಕಾಯಿಗೆ ಹಾಕುತ್ತಾರೆ. ಇಷ್ಟು ಒಳ್ಳೆಯದು ಇರುವುದಿಲ್ಲ."

ಯಲ್ಲಯ್ಯ ನಿಟ್ಟುಸಿರು ಬಿಟ್ಟ. "ಹೌದ್ರಿ ಹುಜೂರ್, ಹುಳಿ ಹೊಡದದ. ಮಳಿಗಾಲಕ್ಕಿಂತ ಮೊದಲು ಬಂದಿದ್ರ..."

"ಮೊದಲಿನದು ನಾನು ಕೇಳಿಲ್ಲ, ನೀನು ಹೇಳಿಲ್ಲ" ಎಂದರು ಸಾಹೇಬರು. ಆಮೇಲೆ ಪಂಚರ ಕಡೆ ತಿರುಗಿ, "ಶರಾಬಿಗೆ ನಮ್ಮ ಖಾತೆ ಇದೆ. ಸಿರ್ಕಾಕ್ಕೆ ಸರಕಾರದಲ್ಲಿ ಯಾವ ಖಾತೆಯೂ ಇಲ್ಲ. ಹಾಗಾಗಿ ಇಲ್ಲಿ ಏನೂ ಸಿಕ್ಕಿಲ್ಲ" ಎಂದರು. ಪಂಚರು ಒಪ್ಪಿದರು. ಬಸಮ್ಮ ಗಡಿಗೆ ತಂದು ತುಂಬಿಕೊಳ್ಳಲು ನೋಡಿದಳು. ತಾಮ್ರದಲ್ಲಿ ನಿಂತ ಹುಳಿ ವಿಷವೆಂದು ಯಲ್ಲಯ್ಯ ತಡೆದು, ಎಲ್ಲವನ್ನೂ ತಿಪ್ಪೆಗೆ ಚೆಲ್ಲಿಸಿದ.

ನನಗೆ ಹೋದ ಜೀವ ಬಂದ ಹಾಗಾಯಿತು. ಆದರೆ ಖಾಲಿಯಾದ ಹಂಡೆಯೊಳಗೆ ನೋಡಿದರೆ ತಳದಿಂದ ಮೊಣಕಾಲಮಟ್ಟದವರೆಗೆ ಹಸಿರು ಕಿಲುಬು. ಅದಕ್ಕೆ ಸಾಹೇಬರ ಬಳಿ ಕಾನೂನಿರಲಿಲ್ಲ, ಹುಣಸೆಹಣ್ಣಿತ್ತು. ನನ್ನನ್ನೇ ಒಳಗೆ ಇಳಿಸಿದರು. ಅಂಗಿ ಕಳಚಿ, ಹುಣಸೆಹಣ್ಣು ಉಪ್ಪು ಹಿಡಿದು ತಿಕ್ಕುತ್ತ ಕೂತೆ. ಬಸಮ್ಮ ಮೇಲಿನಿಂದ ಇಣುಕಿ, "ಮೂಲಿ ಬಿಡಬ್ಯಾಡ ತಮ್ಮಾ" ಎನ್ನುತ್ತಿದ್ದಳು. ದುಂಡಗಿನ ಹಂಡೆಯಲ್ಲಿ ಆಕೆಗೆ ಮೂಲೆ ಎಲ್ಲಿ ಕಾಣುತ್ತಿತ್ತೋ. ಇಂಜಿನಿಯರ ಮೊದಲನೆಯ ಮಾತು ಯಾಕೆ ಮೊದಲನೆಯದು ಎಂಬುದು ಅಲ್ಲಿ ನನ್ನ ಹತ್ತೂ ಬೆರಳಿಗೆ ತಿಳಿಯಿತು. ಈಗಿನವರಿಗೆ ಲಾರಿ ಇದೆ, ಮುದ್ರೆಗೆ ಬದಲು ಸೀಸದ ಬಿಲ್ಲೆ ಇದೆ, ತಿಕ್ಕಲು ಔಷಧ ಇದೆ. ತಾಮ್ರ ಮಾತ್ರ ಅದೇ ಇದೆ.

ಹಂಡೆ ತೊಳೆದು, ಒಣಗಿಸಿ, ಕಣಿಕೆಯ ಮೆತ್ತೆಯ ಮೇಲೆ ಬಂಡಿಗೇರಿಸಿದೆವು. ಎತ್ತು ಹೂಡಿದರು. ಆಗ ಬಸಮ್ಮ ವಾಡೆಯೊಳಗಿಂದ ಮೊರ ಹಿಡಿದುಕೊಂಡು ಬಂದಳು. ಗೋಧಿ, ಕೊಬ್ಬರಿ ಬಟ್ಟಲು, ಬೆಲ್ಲದ ಪೆಂಟಿ, ಕೆಂಪು ಬಾಳೆಹಣ್ಣು. ಹಿಂದೆ ನಾಲ್ಕು ಮಂದಿ ಮುತ್ತೈದೆಯರು. ಎಲ್ಲರೂ ಸಾಹೇಬರ ಮುಖ ನೋಡಿದರು. ನಾನು ನೆಲ ನೋಡಿದೆ.

ಸಾಹೇಬರು ಕೈ ಅಡ್ಡ ಹಿಡಿದರು. ತಮಗೆ ಬಂದಷ್ಟು ಕನ್ನಡದಲ್ಲಿ, "ಅಮ್ಮಾ, ಹಂಡೇದಾಗ ಒಂದು ಕಾಳು ಹಾಕಬ್ಯಾಡ್ರಿ. ಈ ಸಲ ನೌಕರಿ ನಂದೂ ಹೋಗ್ತದ" ಎಂದರು.

ಬಸಮ್ಮ ಮೊರ ಇಳಿಸಲಿಲ್ಲ. "ಸಾಹೇಬ್ರ, ನನ್ನ ವಾಡೇದಾಗ ಇದ್ದು ಹೊಂಟಾಳ. ನೀವು ನಿಮ್ಮ ಮಗಳನ್ನ ಬರೀ ಉಡೀಲೆ ಕಳಿಸಿದ್ದೀರೇನ್ರಿ?"

ಸಾಹೇಬರು ಅದೇ ವರ್ಷ ಮಗಳನ್ನು ಹೈದರಾಬಾದಿಗೆ ಮದುವೆ ಮಾಡಿ ಕಳಿಸಿದ್ದರು. ಇದು ಬಸಮ್ಮನಿಗೆ ಗೊತ್ತಿರಲಿಕ್ಕಿಲ್ಲ, ನನಗೆ ಗೊತ್ತಿತ್ತು. ಅವರ ಮನೆಗಳಲ್ಲೂ ಮಗಳ ಮಡಿಲು ತುಂಬಿಯೇ ಕಳಿಸುತ್ತಾರೆ. ಸಾಹೇಬರು ಕರವಸ್ತ್ರವನ್ನು ಮಡಚಿ ಜೇಬಿಗೆ ಹಾಕಿದರು.

"ನಹೀ" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಈ ಹಂಡೆಗೆ ಜವಾಬ್ದಾರ್ ಯಾರು?"

"ನಾನು ಹುಜೂರ್."

"ಅಮ್ಮಾ, ಇವನ ಉಡಿಯಲ್ಲಿ ಹಾಕ್ರಿ."

ಬಂಡಿಯವರು ಮೊದಲು ನಕ್ಕರು, ಆಮೇಲೆ ಯಲ್ಲಯ್ಯ, ಆಮೇಲೆ ಪಂಚರು. ಸರಕಾರದ ಹುಕುಂ, ಮೀರುವ ಹಾಗಿಲ್ಲ. ನಾನು ಬಂಡಿಯ ಮೇಲೆ ದೊಡ್ಡವ್ವನ ಪಕ್ಕದಲ್ಲಿ ಕೂತು, ಧೋತರದ ಚುಂಗನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದೆ. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ಬಸಮ್ಮ ಮಾತ್ರ ನಗಲಿಲ್ಲ. ಒಂದೊಂದು ಬೊಗಸೆ ಗೋಧಿ ಹಾಕುವಾಗಲೂ ಬಾಯಲ್ಲಿ ಏನೋ ಅಂದುಕೊಳ್ಳುತ್ತ, ಬೆಲ್ಲ ಇಟ್ಟು, ಹಣ್ಣಿಟ್ಟು, ಕೊನೆಗೆ ಕುಂಕುಮದ ಬೆರಳನ್ನು ಹಂಡೆಗೆ ಒಮ್ಮೆ, ನನ್ನ ಹಣೆಗೆ ಒಮ್ಮೆ ಮುಟ್ಟಿಸಿದಳು.

"ಚಲೋತ್ನಾಗಿ ಕಾದಿ ತಮ್ಮಾ" ಎಂದಳು. "ಹೋಗಿ ಬಾ."

ಆ ಭಟ್ಟಿಯ ಕೆಲಸಕ್ಕೆ ಸೇರಿದಾಗಿನಿಂದ ನನ್ನ ಮೈಮೇಲೆ ಜನ ನೀರು ಸುರಿದಿದ್ದರು, ಮೂಗು ಮುಚ್ಚಿಕೊಂಡಿದ್ದರು, ಹೆಣ್ಣು ಕೊಡಲು ಬಂದವರು ತಿರುಗಿ ಹೋಗಿದ್ದರು. ಕೆಲಸ ನೋಡಿ ಹಣೆಗೆ ಕುಂಕುಮ ಹಚ್ಚಿದವರು ಯಾರೂ ಇರಲಿಲ್ಲ. ಬಂಡಿ ಊರು ದಾಟುವವರೆಗೆ ನಗುವವರ ಜೊತೆ ನಾನೂ ನಕ್ಕೆ. ದಾಟಿದ ಮೇಲೆ ಅಳು ಬಂತು, ಅತ್ತೆ. ಕಣ್ಣೊರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಮಹಾಗಾಂವ ಮುಟ್ಟುವ ತನಕ ಎರಡೂ ಕೈಯಲ್ಲಿ ಉಡಿ ಹಿಡಿದುಕೊಂಡೇ ಕೂತಿದ್ದೆ.